ಮಂಜಿನಲ್ಲಿ ತಗ್ಗಿ ಹಾರಿದರೆ ಕ್ಷೇಮವೇ?

2021ರ ಡಿಸೆಂಬರ್ 8ರಂದು ಕೂನೂರಿನ ಬಳಿ ಜನರಲ್ ಬಿಪಿನ್ ರಾವತ್ ಅವರಿದ್ದ ಎಂಐ-17ವಿ5 ಹೆಲಿಕಾಪ್ಟರ್ ಬಿದ್ದಾಗ, ಯಾರೋ ಸಂಚು ಮಾಡಿರಬೇಕು, ಇಲ್ಲವೇ ಎಂಜಿನ್ ಕೈಕೊಟ್ಟಿರಬೇಕು ಎಂದೇ ಬಹಳ ಜನ ನಂಬಿದರು. ಮೂರೂ ಪಡೆಗಳ ಜಂಟಿ ತನಿಖೆ ಎರಡನ್ನೂ ತಳ್ಳಿಹಾಕಿತು. ಕಣಿವೆಯಲ್ಲಿ ಹವೆ ಏಕಾಏಕಿ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಹೊಕ್ಕಿತ್ತು, ಪೈಲಟ್‌ಗೆ ದಿಕ್ಕಿನ ಅರಿವು ತಪ್ಪಿತ್ತು ಎಂದಿತು. ಅದರಲ್ಲಿದ್ದ 14 ಮಂದಿಯಲ್ಲಿ ಕೊನೆಯವರು ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ವಾರದ ನಂತರ ತೀರಿಕೊಂಡರು.

ಮೋಡ ಕವಿದರೆ ಕೆಳಗಿಳಿದು, ನೆಲ ನೋಡಿಕೊಂಡು ಹೋದರಾಯಿತು ಎಂಬ ನಂಬಿಕೆ ಇನ್ನೂ ಅಪಾಯಕಾರಿ. ಕಣಿವೆಯಲ್ಲಿ ಎರಡೂ ಕಡೆ ಗುಡ್ಡ, ಮೇಲೆ ಮೋಡ. ಮುಂದೆ ಹೋದಂತೆ ಹಿಂತಿರುಗಲು ಬೇಕಾದ ಜಾಗವೇ ಇಲ್ಲವಾಗುತ್ತದೆ. ಗಂಟೆಗೆ 220 ಕಿ.ಮೀ. ವೇಗದಲ್ಲಿ ಹಾರುವಾಗ ಅರ್ಧ ಕಿ.ಮೀ. ಮಾತ್ರ ಕಾಣುತ್ತಿದ್ದರೆ, ಎದುರಿನ ಗುಡ್ಡ ಕಂಡ ಮೇಲೆ ಉಳಿಯುವುದು ಎಂಟು ಸೆಕೆಂಡು. ಹೈಟೆನ್ಷನ್ ತಂತಿಗಳಂತೂ ಬಿಸಿಲಿನಲ್ಲೇ ಸರಿಯಾಗಿ ಕಾಣುವುದಿಲ್ಲ. ಎತ್ತರ ತೋರಿಸುವ ಮಾಪಕ ಇದೆಯಲ್ಲ ಎನ್ನಬಹುದು. ಸಾಮಾನ್ಯ ಮಾಪಕ ತೋರಿಸುವುದು ಸಮುದ್ರಮಟ್ಟದಿಂದ ಎತ್ತರವನ್ನು. ರೇಡಿಯೋ ಮಾಪಕ ನೋಡುವುದು ನೇರ ಕೆಳಕ್ಕೆ. ಮುಂದಿರುವ ಬಂಡೆಯನ್ನು ಎರಡೂ ಹೇಳುವುದಿಲ್ಲ.

ಹೆಲಿಕಾಪ್ಟರ್ ಗಾಳಿಯಲ್ಲೇ ನಿಲ್ಲಬಲ್ಲದು, ಮಂಜು ಸರಿಯುವವರೆಗೆ ನಿಂತರೆ ಸಾಲದೇ? ಸಾಲದು. ಸಾಮಾನ್ಯವಾಗಿ ಪೈಲಟ್ ನೆಲದ ಯಾವುದಾದರೊಂದು ಗುರುತಿನ ಮೇಲೆ ಕಣ್ಣಿಟ್ಟೇ ಅದನ್ನು ನಿಂತಲ್ಲಿ ನಿಲ್ಲಿಸುತ್ತಾನೆ. ಗುರುತು ಮಾಯವಾದರೆ ಯಂತ್ರ ಪಕ್ಕಕ್ಕೆ ಸರಿಯುತ್ತಿದ್ದರೂ ಅವನಿಗೆ ತಿಳಿಯುವುದಿಲ್ಲ.

ಇಲ್ಲಿ ಅನುಭವವೊಂದೇ ಕಾಪಾಡದು, ಏಕೆಂದರೆ ಮೋಸ ಮಾಡುವುದು ನಮ್ಮದೇ ಕಿವಿ. ಗಿರಗಿರನೆ ತಿರುಗಿ ನಿಂತ ಮಗುವಿಗೆ ನೆಲ ಇನ್ನೂ ತಿರುಗಿದಂತೆ ಅನಿಸುವ ಹಾಗೆ, ಒಳಕಿವಿಯ ದ್ರವ ಪೈಲಟ್‌ಗೂ ಸುಳ್ಳು ಹೇಳುತ್ತದೆ. ಒಂದೇ ಸಮನೆ ವಾಲಿಕೊಂಡು ತಿರುಗುತ್ತಿದ್ದರೆ ಸ್ವಲ್ಪ ಹೊತ್ತಿಗೆ ನೇರವಾಗಿ ಹೋಗುತ್ತಿರುವಂತೆಯೇ ಭಾಸವಾಗುತ್ತದೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯ, ಉಪಕರಣ ನೋಡಿ ಹಾರಿಸುವ ತರಬೇತಿ ಇಲ್ಲದ 20 ಮಂದಿಯನ್ನು ವಿಮಾನದಲ್ಲಿ ಪರೀಕ್ಷಿಸಿತು. ಹೊರಗಿನದು ಕಾಣದಂತಾದ ಮೇಲೆ ಅವರು ಹತೋಟಿ ಕಳೆದುಕೊಳ್ಳಲು ಸರಾಸರಿ 178 ಸೆಕೆಂಡು ಸಾಕಾಯಿತು. ತರಬೇತಿ ಪಡೆದವರೂ ಇದಕ್ಕೆ ಹೊರತಲ್ಲ. 2020ರ ಜನವರಿ 26ರಂದು ಕ್ಯಾಲಿಫೋರ್ನಿಯಾದ ಕಲಬಾಸಸ್ ಬಳಿ ಬ್ಯಾಸ್ಕೆಟ್‌ಬಾಲ್ ತಾರೆ ಕೋಬಿ ಬ್ರಯಂಟ್ ಸೇರಿ ಒಂಬತ್ತು ಜನ ಸತ್ತ ಅಪಘಾತದಲ್ಲಿ, 4,000 ಅಡಿಗೆ ಏರುತ್ತಿದ್ದೇನೆ ಎಂದು ಪೈಲಟ್ ರೇಡಿಯೋದಲ್ಲಿ ಹೇಳುತ್ತಿದ್ದಾಗ ಹೆಲಿಕಾಪ್ಟರ್ ಎಡಕ್ಕೆ ವಾಲಿ ಇಳಿಯುತ್ತಿತ್ತು. ಅವನು ಸುಳ್ಳು ಹೇಳಲಿಲ್ಲ, ಏರುತ್ತಿದ್ದೇನೆಂದೇ ನಂಬಿದ್ದ. ಈ ವಿಷಯದಲ್ಲಿ ನನ್ನನ್ನು ಅತಿಯಾಗಿ ಕಲಕುವುದು ಇದೇ.

ನಮ್ಮ ಕಡೆಯಿಂದಲೂ ಕೇದಾರನಾಥಕ್ಕೆ ಹೆಲಿಕಾಪ್ಟರಿನಲ್ಲಿ ಹೋಗುವವರಿದ್ದಾರೆ. ಆ ಕಣಿವೆಯಲ್ಲಿ 2022ರ ಅಕ್ಟೋಬರ್ 18ರಂದು ಏಳು ಜನ, 2025ರ ಜೂನ್ 15ರಂದು ಮತ್ತೆ ಏಳು ಜನ ಸತ್ತರು. ಎರಡು ಸಲವೂ ಮೋಡ, ಮಂಜು ಕವಿದಿತ್ತು. ಹಾರಾಟ ರದ್ದಾದಾಗ ಕೌಂಟರಿನಲ್ಲಿ ಜಗಳಕ್ಕೆ ನಿಲ್ಲುವವರು ಇದನ್ನು ತಿಳಿದಿರಬೇಕು. ನಡುದಾರಿಯಲ್ಲಿ ಪೈಲಟ್ ಹಿಂತಿರುಗಿದರೆ, ಅಥವಾ ಯಾವುದೋ ಬಯಲಿನಲ್ಲಿ ಇಳಿಸಿ ಕಾಯೋಣ ಎಂದರೆ, ಅದು ಅಂಜಿಕೆಯಲ್ಲ. ಸಣ್ಣ ಬಯಲಿದ್ದರೂ ಇಳಿಯಬಲ್ಲದೆಂಬುದು ಹೆಲಿಕಾಪ್ಟರಿನ ದೊಡ್ಡ ಅನುಕೂಲ, ಅದನ್ನು ಬಳಸಬೇಕಾದದ್ದು ನೆಲ ಇನ್ನೂ ಕಾಣುತ್ತಿರುವಾಗಲೇ.