ನಲವತ್ತರ ಆಚೆಗಿನ ಪ್ರಶ್ನೆ: "ಇಷ್ಟೇನಾ?"



ಈ ಸಲದ ವಿಷಯ ನಲವತ್ತು ದಾಟಿದವರಿಗಾಗಿ. ಇನ್ನೂ ಮೂವತ್ತರ ಒಳಗಿರುವವರು ಬೇಕಿದ್ದರೆ ಓದಿ ಎತ್ತಿಟ್ಟುಕೊಳ್ಳಿ, ಹೇಗೂ ಒಂದು ದಿನ ಬೇಕಾಗುತ್ತದೆ!

ಊರು ಬಿಟ್ಟು ಮುಂಬಯಿಗೋ, ಪುಣೆಗೋ, ಹೈದರಾಬಾದಿಗೋ ಬಂದು ಇಪ್ಪತ್ತು ವರ್ಷವಾಗಿದೆ. ಕೆಲಸದಲ್ಲಿ ಒಂದು ಹಂತಕ್ಕೆ ಬಂದಿದ್ದೀರಿ. ಫ್ಲ್ಯಾಟಿನ ಸಾಲದ ಕಂತು ಇನ್ನು ಕೆಲವೇ ವರ್ಷ. ಮಕ್ಕಳು ಹೈಸ್ಕೂಲು, ಕಾಲೇಜು ಅಂತ ತಮ್ಮ ಪಾಡಿಗೆ ತಾವಿದ್ದಾರೆ. ಊರಿಗೆ ಹೋದರೆ "ನಿನಗೇನಪ್ಪ, ಸೆಟ್ಲ್ ಆಗಿಬಿಟ್ಟಿದ್ದೀಯ" ಅನ್ನುತ್ತಾರೆ. ನೀವೂ ನಗುತ್ತೀರಿ. ಆದರೆ ಭಾನುವಾರ ಸಂಜೆ ಬಟ್ಟೆಗೆ ಇಸ್ತ್ರಿ ಹಾಕುವಾಗಲೋ, ಸಿಗ್ನಲ್‌ನಲ್ಲಿ ಕಾರು ನಿಂತಾಗಲೋ ಒಳಗಿನಿಂದ ಒಂದು ಸಣ್ಣ ದನಿ ಕೇಳುತ್ತದೆ: "ಇಷ್ಟೇನಾ?"

ಹೊಟ್ಟೆಬಟ್ಟೆಗೆ ಕೊರತೆ ಇಲ್ಲದಿರುವಾಗ ಇಂಥ ಪ್ರಶ್ನೆ ಬಂದರೆ ಹೇಳಿಕೊಳ್ಳಲೂ ಸಂಕೋಚ. ಹೆಂಡತಿಗೆ ಹೇಳಿದರೆ ಗಾಬರಿಯಾಗುತ್ತಾಳೆ, ಗಂಡನಿಗೆ ಹೇಳಿದರೆ "ಎಲ್ಲಾದರೂ ಟೂರ್ ಹೋಗಿ ಬರೋಣ" ಅನ್ನುತ್ತಾನೆ. ಹಾಗಾಗಿ ಬಹಳಷ್ಟು ಜನ ಈ ಪ್ರಶ್ನೆಯನ್ನು ನುಂಗಿಕೊಂಡೇ ವರ್ಷಗಟ್ಟಲೆ ಓಡಾಡುತ್ತಾರೆ. ಇದು ಏನು, ಯಾಕೆ ಬರುತ್ತದೆ, ಬಂದರೆ ಏನು ಮಾಡಬೇಕು... ಸ್ವಲ್ಪ ಸಮಾಧಾನವಾಗಿ ನೋಡೋಣ.

ನೀವು ಮೊದಲಿಗರಲ್ಲ

'ಮಿಡ್‌ಲೈಫ್ ಕ್ರೈಸಿಸ್' ಎಂಬ ಮಾತನ್ನು ಚಾಲ್ತಿಗೆ ತಂದದ್ದು ಎಲಿಯಟ್ ಜಾಕ್ಸ್ ಎಂಬ ಮನೋವಿಶ್ಲೇಷಕ, 1965ರ ಒಂದು ಲೇಖನದಲ್ಲಿ. ಹೆಸರು ಹೊಸದಾದರೂ ಅನುಭವ ಬಹಳ ಹಳೆಯದು. ರಷ್ಯಾದ ಲೇಖಕ ಟಾಲ್‌ಸ್ಟಾಯ್ ಅವರನ್ನೇ ನೋಡಿ. ಹುಟ್ಟಿದ್ದು 1828ರಲ್ಲಿ. ಐವತ್ತರ ಹೊತ್ತಿಗೆ 'ಯುದ್ಧ ಮತ್ತು ಶಾಂತಿ', 'ಅನ್ನಾ ಕರೆನಿನಾ' ಎರಡನ್ನೂ ಬರೆದು ಜಗತ್ತೇ ಹೊಗಳಿ ಆಗಿತ್ತು. ಜಮೀನು, ಸಂಸಾರ, ಕೀರ್ತಿ ಎಲ್ಲವೂ ಇತ್ತು. ಆಗಲೇ ಅವರನ್ನು "ಇದೆಲ್ಲ ಯಾಕೆ? ಮುಂದೇನು?" ಎಂಬ ಪ್ರಶ್ನೆ ಹಿಡಿದುಕೊಂಡಿತು. ಜೀವ ಕಳೆದುಕೊಳ್ಳುವ ಯೋಚನೆಯವರೆಗೂ ಹೋಗಿದ್ದನ್ನು ಅವರು ತಮ್ಮ 'ಕನ್ಫೆಷನ್' ಎಂಬ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಅದಕ್ಕೂ ಎಷ್ಟೋ ಶತಮಾನ ಹಿಂದೆ, ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ ಮನೆ ಬಿಟ್ಟು ಹೊರಡಲು ನಿಂತು ಆಸ್ತಿಯನ್ನು ಇಬ್ಬರು ಹೆಂಡತಿಯರಿಗೆ ಹಂಚುವ ಮಾತೆತ್ತುತ್ತಾನೆ. ಮೈತ್ರೇಯಿ ಕೇಳುವುದು ಒಂದೇ ಮಾತು: ಭೂಮಿ ತುಂಬ ಸಂಪತ್ತು ಇದ್ದರೂ ಅದರಿಂದ ನಾನು ಅಮೃತಳಾಗುತ್ತೇನೆಯೇ? ಇಲ್ಲ, ಉಳ್ಳವರ ಬದುಕಿನಂತೆ ನಿನ್ನ ಬದುಕೂ ನಡೆಯುತ್ತದೆ, ಅಷ್ಟೇ ಎಂದು ಗಂಡ ಒಪ್ಪಿಕೊಳ್ಳುತ್ತಾನೆ. ಹಾಗಾದರೆ ಅದನ್ನು ತೆಗೆದುಕೊಂಡು ಏನು ಮಾಡಲಿ ಎನ್ನುತ್ತಾಳೆ ಆಕೆ. ನಿಮ್ಮ "ಇಷ್ಟೇನಾ?" ಕೂಡ ಇದೇ ಜಾತಿಯ ಪ್ರಶ್ನೆ.

ಈ ವಯಸ್ಸಿನಲ್ಲೇ ಯಾಕೆ?

ಮೊದಲನೆಯ ಕಾರಣ, ಅರ್ಧ ಆಯುಷ್ಯದವರೆಗೆ ನಮ್ಮ ಗುರಿಗಳನ್ನು ಬೇರೆಯವರು ಬರೆದುಕೊಟ್ಟಿರುತ್ತಾರೆ. ಓದು, ನೌಕರಿ, ಮದುವೆ, ಮಕ್ಕಳು, ಮನೆ. ಒಂದಾದ ಮೇಲೊಂದು ಟಿಕ್ ಹಾಕುತ್ತಾ ಹೋದರೆ ಸಾಕು, ಯೋಚನೆ ಮಾಡುವ ಅಗತ್ಯವೇ ಇರುವುದಿಲ್ಲ. ನಲವತ್ತೈದರ ಹೊತ್ತಿಗೆ ಪಟ್ಟಿ ಮುಗಿಯುತ್ತದೆ. ಮುಂದಿನ ಪುಟ ಖಾಲಿ!

ಎರಡನೆಯದು ಲೆಕ್ಕಾಚಾರ. ಅಲ್ಲಿಯವರೆಗೆ "ಹುಟ್ಟಿ ಎಷ್ಟು ವರ್ಷವಾಯಿತು" ಎಂದು ಎಣಿಸುತ್ತಿದ್ದವರು "ಇನ್ನೆಷ್ಟು ಉಳಿದಿದೆ" ಎಂದು ಎಣಿಸಲು ಶುರುಮಾಡುತ್ತಾರೆ. ಅಪ್ಪನೋ ಅಮ್ಮನೋ ತೀರಿಕೊಂಡಾಗ, ಸಹೋದ್ಯೋಗಿಯೊಬ್ಬರಿಗೆ ಹೃದಯಾಘಾತವಾದಾಗ ಈ ಲೆಕ್ಕ ಗಟ್ಟಿಯಾಗುತ್ತದೆ.

ಮೂರನೆಯದು ನಮ್ಮಂಥ ಹೊರನಾಡಿನವರಿಗೆ ವಿಶೇಷ. "ಸ್ವಲ್ಪ ದಿನ ದುಡಿದು ಊರಿಗೆ ವಾಪಸ್" ಎಂದುಕೊಂಡು ಬಂದವರು ಇಲ್ಲೇ ಬೇರು ಬಿಟ್ಟಿರುತ್ತೇವೆ. ಊರಿನ ಮನೆಯಲ್ಲಿ ವಯಸ್ಸಾದ ತಾಯಿ ಒಬ್ಬರೇ. ಇಲ್ಲಿ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ. ನಾನು ಎಲ್ಲಿಯವನು, ನನ್ನ ನಂತರ ನನ್ನದು ಅಂತ ಏನು ಉಳಿಯುತ್ತದೆ ಎಂಬ ಚಿಂತೆ ಇದರ ಜೊತೆ ಸೇರಿಕೊಳ್ಳುತ್ತದೆ.

ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಬದುಕನ್ನು ಒಂದು ಹಗಲಿಗೆ ಹೋಲಿಸಿದರು. ಬೆಳಗಿನ ನಿಯಮಗಳಿಂದ ಮಧ್ಯಾಹ್ನವನ್ನು ನಡೆಸಲಾಗದು ಎನ್ನುವುದು ಅವರ ವಾದ. ಎರಿಕ್ ಎರಿಕ್ಸನ್ 1950ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇನ್ನೂ ನೇರವಾಗಿ ಹೇಳಿದರು: ನಡುವಯಸ್ಸಿನ ಮುಖ್ಯ ಕೆಲಸ ಮುಂದಿನ ತಲೆಮಾರನ್ನು ಬೆಳೆಸುವುದು. ಸ್ವಂತ ಮಕ್ಕಳೇ ಆಗಬೇಕೆಂದಿಲ್ಲ. ಕಲಿಸುವುದು, ಕಟ್ಟುವುದು, ಸಾಕುವುದು ಎಲ್ಲವೂ ಅದರಲ್ಲಿ ಸೇರುತ್ತದೆ. ಅದಾಗದಿದ್ದರೆ ಮನಸ್ಸು ನಿಂತ ನೀರಾಗುತ್ತದೆ.

ಕಾಡಿಗೆ ಹೋಗಬೇಕಾ?

ಹಳಬರು ಇದಕ್ಕೆ ವಾನಪ್ರಸ್ಥ ಎಂಬ ಏರ್ಪಾಡು ಮಾಡಿದ್ದರು. ಕೂದಲು ನೆರೆತು, ಮೈ ಸುಕ್ಕಾಗಿ, ಮೊಮ್ಮಗುವಿನ ಮುಖ ಕಂಡ ಮೇಲೆ ಗೃಹಸ್ಥ ಕಾಡಿಗೆ ಹೊರಡಬೇಕು ಎನ್ನುತ್ತದೆ ಮನುಸ್ಮೃತಿ. ಇವತ್ತು ಅಂಧೇರಿಯಿಂದ ಯಾವ ಕಾಡಿಗೆ ಹೋಗುವುದು? ಹೋದರೂ ಕಂತು ಕಟ್ಟುವವರು ಯಾರು? ಆದರೆ ಅದರೊಳಗಿನ ತಿರುಳು ಇಂದಿಗೂ ಕೆಲಸಕ್ಕೆ ಬರುತ್ತದೆ. ಯಜಮಾನಿಕೆಯ ಹಿಡಿತವನ್ನು ಮೆಲ್ಲಗೆ ಸಡಿಲಿಸುವುದು, ಬೀಗದ ಕೈ ಕಿರಿಯರಿಗೆ ಕೊಡುವುದು, ಸಂಗ್ರಹಿಸುವುದರಿಂದ ಹಂಚುವುದಕ್ಕೆ ಹೊರಳುವುದು.

ಮನೆಯಲ್ಲಿದ್ದುಕೊಂಡೇ ಇದನ್ನು ಸಾಧಿಸಿದ ದಾರಿ ನಮ್ಮ ಕನ್ನಡದಲ್ಲೇ ಇದೆ. 12ನೇ ಶತಮಾನದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿ ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಕೆಳಗೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಮ್ಮೆ ಮಾರಯ್ಯ ಶರಣರ ಅನುಭಾವದ ಮಾತಿನಲ್ಲಿ ಮುಳುಗಿ ಕಾಯಕವನ್ನೇ ಮರೆತ. ಎಬ್ಬಿಸಿ ಕೆಲಸಕ್ಕೆ ಕಳಿಸಿದವಳು ಲಕ್ಕಮ್ಮ. ಇನ್ನೊಮ್ಮೆ ಅವನು ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬಾ ಎಂದವಳೂ ಅವಳೇ.

ಈ ಎರಡು ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿ. ಅಧ್ಯಾತ್ಮದ ಹೆಸರಿನಲ್ಲಿ ಕೆಲಸ ಬಿಡಬೇಡ, ಕೆಲಸದ ಹೆಸರಿನಲ್ಲಿ ಆಸೆ ಬೆಳೆಸಬೇಡ. ನಲವತ್ತೈದರ ಗೊಂದಲಕ್ಕೆ ಇದಕ್ಕಿಂತ ಚೊಕ್ಕ ಸಲಹೆ ಸಿಗುವುದು ಕಷ್ಟ! "ಎಷ್ಟಿದ್ದರೆ ಸಾಕು?" ಎಂಬ ಲೆಕ್ಕವನ್ನು ಒಮ್ಮೆ ಗಂಡ-ಹೆಂಡತಿ ಇಬ್ಬರೂ ಕೂತು ಹಾಕಿದರೆ ಅರ್ಧ ಓಟ ಅಲ್ಲೇ ನಿಲ್ಲುತ್ತದೆ.

ಗುರಿ ಬೇರೆ, ಸಾರ್ಥಕ್ಯ ಬೇರೆ

ಗುರಿ ಮುಟ್ಟಿದರೆ ಮುಗಿಯಿತು. ಸಾರ್ಥಕ್ಯ ಕೊಡುವ ಕೆಲಸ ಹಾಗಲ್ಲ, ಅದು ದಿನಾ ನಡೆಯುತ್ತಿರುತ್ತದೆ. ನಾಜಿ ಶಿಬಿರಗಳ ನರಕ ಕಂಡು ಬದುಕಿ ಬಂದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ 1946ರ ತಮ್ಮ ಪುಸ್ತಕದಲ್ಲಿ ಬದುಕಿಗೆ ಅರ್ಥ ಸಿಗುವ ಮೂರು ದಾರಿ ಹೇಳಿದರು: ಒಂದು ಕೆಲಸವನ್ನು ಮಾಡುವುದು, ಯಾರನ್ನಾದರೂ ಏನನ್ನಾದರೂ ಮನಸಾರೆ ಪ್ರೀತಿಸುವುದು, ತಪ್ಪಿಸಲಾಗದ ನೋವನ್ನು ಘನತೆಯಿಂದ ಎದುರಿಸುವುದು. ಮೂರರಲ್ಲಿ ಯಾವುದಕ್ಕೂ ಪ್ರಮೋಷನ್ ಬೇಕಿಲ್ಲ.

ನಮ್ಮವರ ಎರಡು ಉದಾಹರಣೆ. ಮಂಗಳೂರಿನಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ ಅವರನ್ನು ವಿದೇಶಿ ಪ್ರವಾಸಿಗರು ಇಂಗ್ಲಿಷಿನಲ್ಲಿ ಬೆಲೆ ಕೇಳಿದರು. ಶಾಲೆಗೆ ಹೋಗದ ಹಾಜಬ್ಬರಿಗೆ ಉತ್ತರ ಹೇಳಲಾಗಲಿಲ್ಲ. ತನ್ನ ಹಳ್ಳಿಯ ಮಕ್ಕಳಿಗೆ ಹೀಗಾಗಬಾರದು ಎಂದು ಮನಸ್ಸಿಗೆ ಹಚ್ಚಿಕೊಂಡರು. ಹಣ್ಣು ಮಾರಿದ ಹಣ ಕೂಡಿಸಿ, ಕಚೇರಿಗಳ ಮೆಟ್ಟಿಲು ಹತ್ತಿ, 2000ದ ಸುಮಾರಿಗೆ ನ್ಯೂಪಡ್ಪುವಿನಲ್ಲಿ ಶಾಲೆ ಶುರುವಾಗುವಂತೆ ಮಾಡಿದಾಗ ಅವರಿಗೆ ನಲವತ್ತು ದಾಟಿತ್ತು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಕಿತ್ತಳೆ ವ್ಯಾಪಾರ ಬಿಟ್ಟು ಅವರು ಶಾಲೆ ಕಟ್ಟಲಿಲ್ಲ ಎನ್ನುವುದನ್ನು ಗಮನಿಸಿ.

ಇನ್ನೊಬ್ಬರು ಡಿ.ವಿ. ಗುಂಡಪ್ಪ. 1887ರಲ್ಲಿ ಹುಟ್ಟಿದ ಡಿವಿಜಿ ಅವರ 'ಮಂಕುತಿಮ್ಮನ ಕಗ್ಗ' ಹೊರಬಂದದ್ದು 1943ರಲ್ಲಿ, ಐವತ್ತಾರರ ವಯಸ್ಸಿನಲ್ಲಿ. ಎರಡು ವರ್ಷದ ನಂತರ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. 1970ರಲ್ಲಿ ನಾಡಿನ ಜನ ಸನ್ಮಾನ ಮಾಡಿ ಕೊಟ್ಟ ಒಂದು ಲಕ್ಷ ರೂಪಾಯಿಯನ್ನೂ ಆ ಸಂಸ್ಥೆಗೇ ಕೊಟ್ಟುಬಿಟ್ಟರು. ಐವತ್ತಾದ ಮೇಲೆ ಇನ್ನೇನು ಅನ್ನುವವರು ಈ ಇಸವಿಗಳನ್ನು ನೆನಪಿಟ್ಟುಕೊಳ್ಳಬಹುದು.

ಇಲ್ಲಿ ಸ್ವಲ್ಪ ಹುಷಾರು

ಒಂದು: ಈ ಖಾಲಿತನವೇ ಕೆಲವರಿಗೆ ಬಂಡವಾಳ. ಮೂರು ದಿನದಲ್ಲಿ ಜ್ಞಾನೋದಯ, ಫೀಸು ಅರ್ಧ ಲಕ್ಷ ಎನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಮನೆಯವರಿಂದ ದೂರ ಮಾಡುವ, ಪ್ರಶ್ನೆ ಕೇಳಿದರೆ ಸಿಟ್ಟಾಗುವ, ಮತ್ತೆ ಮತ್ತೆ ಹಣ ಕೇಳುವ ಗುರು ಯಾರೇ ಇರಲಿ, ದೂರದಿಂದಲೇ ಕೈ ಮುಗಿಯಿರಿ.

ಎರಡು: ಬೇಸರ ಹೆಚ್ಚಿದ ವಾರದಲ್ಲೇ ರಾಜೀನಾಮೆ ಬರೆಯಬೇಡಿ. ಹೊಸ ಕೆಲಸವನ್ನು ಆರು ತಿಂಗಳು ಬಿಡುವಿನ ವೇಳೆಯಲ್ಲಿ ಮಾಡಿ ನೋಡಿ. ಆಮೇಲೂ ಹುಮ್ಮಸ್ಸು ಉಳಿದಿದ್ದರೆ ಯೋಚಿಸಬಹುದು.

ಮೂರು, ಬಹಳ ಮುಖ್ಯ: ಎಲ್ಲ ಬೇಸರವೂ ಅಧ್ಯಾತ್ಮದ ಹಸಿವಲ್ಲ. ಎರಡು ವಾರಕ್ಕೂ ಮೀರಿ ನಿದ್ದೆ ಇಲ್ಲ, ಊಟ ರುಚಿಸುವುದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂದಾದರೆ ಅದು ಖಿನ್ನತೆ ಇರಬಹುದು. ಥೈರಾಯ್ಡ್ ತೊಂದರೆ, ಹೆಂಗಸರಿಗೆ ಮುಟ್ಟು ನಿಲ್ಲುವ ವಯಸ್ಸಿನ ಏರುಪೇರು ಕೂಡ ಹೀಗೆಯೇ ಕಾಡುತ್ತವೆ. ಮೊದಲು ಡಾಕ್ಟರನ್ನು ಕಾಣಿ, ಆಮೇಲೆ ಉಪನಿಷತ್ತು. ಬದುಕೇ ಬೇಡ ಎಂಬ ಯೋಚನೆ ಬಂದರಂತೂ ತಡಮಾಡಬೇಡಿ. 2022ರಲ್ಲಿ ಶುರುವಾದ ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಎಲ್ಲಿಂದ ಶುರು ಮಾಡೋಣ?

* ದಿನಕ್ಕೆ 15 ನಿಮಿಷ ಸುಮ್ಮನೆ ಕೂರಿ. ಜಪ, ನಮಾಜು, ಪ್ರಾರ್ಥನೆ, ಧ್ಯಾನ, ನಿಮ್ಮ ಮನೆಯ ರೂಢಿ ಯಾವುದೋ ಅದು. ಏನೂ ನಂಬದವರು ಉಸಿರು ಗಮನಿಸಿದರೂ ಸಾಕು. ಮೊಬೈಲು ಬೇರೆ ಕೋಣೆಯಲ್ಲಿರಲಿ.

* ಹಳೆಯದೊಂದನ್ನು ಮತ್ತೆ ಎತ್ತಿಕೊಳ್ಳಿ. ಕಾಲೇಜಿನಲ್ಲಿ ಬಿಟ್ಟ ಹಾರ್ಮೋನಿಯಂ, ನಾಟಕ, ದಾಸರ ಪದ... ಸಾರ್ಥಕ್ಯದ ಸುಳಿವು ಹೆಚ್ಚಾಗಿ ನಾವು ಅರ್ಧಕ್ಕೆ ಬಿಟ್ಟದ್ದರಲ್ಲೇ ಇರುತ್ತದೆ.

* ನಿಮಗೆ ಗೊತ್ತಿರುವುದನ್ನು ಒಬ್ಬರಿಗೆ ಕಲಿಸಿ. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗೆ ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಅಕ್ಷರ ಕೊಟ್ಟದ್ದು ಇಂಥ ಮನಸ್ಸಿನವರಿಂದಲೇ. ಈಗ ನಿಮ್ಮ ಸೊಸೈಟಿಯಲ್ಲೇ ಭಾನುವಾರ ನಾಲ್ಕು ಮಕ್ಕಳಿಗೆ ಕನ್ನಡ ಕಲಿಸಬಹುದು, ವಾಚ್‌ಮನ್ ಮಗಳಿಗೆ ಗಣಿತ ಹೇಳಿಕೊಡಬಹುದು.

* ಜೊತೆ ಹುಡುಕಿ. ಮಾಟುಂಗಾದ ಮೈಸೂರು ಅಸೋಸಿಯೇಷನ್, ದೆಹಲಿ ಕರ್ನಾಟಕ ಸಂಘದಂಥ ಸಂಸ್ಥೆಗಳಿಗೆ ಪ್ರೇಕ್ಷಕರಿಗಿಂತ ಕೈ ಜೋಡಿಸುವವರು ಬೇಕು. ರಾಜ್ಯೋತ್ಸವದ ಊಟಕ್ಕೆ ಹೋಗುವವರು ಒಮ್ಮೆ ಬಡಿಸಲು ನಿಂತು ನೋಡಿ, ವ್ಯತ್ಯಾಸ ತಿಳಿಯುತ್ತದೆ.

* ಊರಿಗೆ ಫೋನ್ ಮಾಡಿ. ಅಮ್ಮನಿಗೆ "ಔಷಧಿ ತಗೊಂಡ್ಯಾ?" ಎಂದು ಕೇಳಿ ಇಡುವ ಬದಲು ಅವರ ಚಿಕ್ಕಂದಿನ ಕಥೆ ಕೇಳಿ. ಕೇಳಿದ್ದನ್ನು ಮಕ್ಕಳಿಗೆ ಹೇಳಿ. ನಿಮ್ಮ ನಂತರ ಏನು ಉಳಿಯುತ್ತದೆ ಎಂಬ ಚಿಂತೆಗೆ ಅಲ್ಲೊಂದು ಉತ್ತರವಿದೆ.

ಐದನ್ನೂ ನಾಳೆಯಿಂದಲೇ ಹಿಡಿಯಬೇಡಿ, ಒಂದೇ ವಾರದಲ್ಲಿ ಎಲ್ಲ ಬಿಟ್ಟುಹೋಗುತ್ತದೆ! ಒಂದನ್ನು ಆರಿಸಿ, ಮೂರು ತಿಂಗಳು ಬಿಡದೆ ನಡೆಸಿ. "ಇಷ್ಟೇನಾ?" ಎಂಬ ದನಿ ಪೂರ್ತಿ ನಿಲ್ಲದಿರಬಹುದು. ಆದರೆ ಅದಕ್ಕೆ ಹೆದರಿ ಟಿವಿ ಹಾಕಿಕೊಳ್ಳುವ ಅಭ್ಯಾಸ ಖಂಡಿತ ಕಡಿಮೆಯಾಗುತ್ತದೆ.

ನೀವು ಯಾವುದನ್ನು ಆರಿಸಿಕೊಂಡಿರಿ? ಇವತ್ತು ರಾತ್ರಿ ಊಟದ ಹೊತ್ತಿಗೆ ಮನೆಯವರಿಗೆ ಹೇಳಿ, ಕನ್ನಡದಲ್ಲೇ ಹೇಳಿ.