ಗಣಿತ ಟೀಚರ್‌ಗಳ ಕಲಿಕೆಯ ಮನೆ

ಮುಂಬಯಿಯ ಚೆಂಬೂರಿನಿಂದ ವಿ.ಎನ್. ಪುರವ್ ಮಾರ್ಗ ಹಿಡಿದು ಮಾನಖುರ್ದ್ ಕಡೆಗೆ ಹೊರಟರೆ ಅಣುಶಕ್ತಿ ನಗರದ ಹತ್ತಿರ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಸಿಗುತ್ತದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅಂಗವಾದ ಈ ಕೇಂದ್ರದ ಹೆಸರು ಹೆಚ್ಚಾಗಿ ಕಿವಿಗೆ ಬೀಳುವುದು ಒಲಿಂಪಿಯಾಡ್ ಪದಕಗಳ ಸುದ್ದಿ ಬಂದಾಗ. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ಗೆ ಭಾರತದ ತಂಡವನ್ನು ಆರಿಸುವ ಬೇಸಿಗೆ ಶಿಬಿರ ಹಲವು ವರ್ಷ ಇಲ್ಲಿಯೇ ನಡೆದಿದೆ. ಆ ತಂಡಕ್ಕೆ ಹೋಗುವವರು ಆರೇ ಮಕ್ಕಳು. ಉಳಿದ ಕೋಟ್ಯಂತರ ಮಕ್ಕಳಿಗೆ ಗಣಿತ ದಕ್ಕುವುದು, ದಕ್ಕದೇ ಹೋಗುವುದು ಅವರವರ ಶಾಲೆಯ ಟೀಚರ್ ಕೈಯಲ್ಲಿದೆ. ಆ ಟೀಚರ್‌ಗಾಗಿ ಕೇಂದ್ರ ಮಾಡುತ್ತ ಬಂದಿರುವ ಕೆಲಸ ನಮ್ಮ ಜನಕ್ಕೆ ಅಷ್ಟಾಗಿ ಗೊತ್ತಿಲ್ಲ.

ಕೇಂದ್ರ ಹುಟ್ಟಿದ್ದು 1974ರಲ್ಲಿ, ನಾನಾ ಚೌಕದ ಮಹಾನಗರಪಾಲಿಕೆ ಶಾಲೆಯೊಂದರ ಕಟ್ಟಡದಲ್ಲಿ. ಸ್ಥಾಪಕ ನಿರ್ದೇಶಕರು ಭೌತವಿಜ್ಞಾನಿ ವಿ.ಜಿ. ಕುಲಕರ್ಣಿ. ಮೊದಲ ದಿನಗಳಲ್ಲೇ ಅವರ ತಂಡ ಜಳಗಾಂವ್ ಜಿಲ್ಲೆಯ ಖಿರೋದಾ ಸುತ್ತಿನ ಹಳ್ಳಿ ಶಾಲೆಗಳಿಗೆ ಹೋಗಿ ಅಲ್ಲಿನ ಶಿಕ್ಷಕರ ಜೊತೆ ಕೆಲಸ ಮಾಡಿತು. ಈಗಿನ ಜಾಗಕ್ಕೆ ಬಂದದ್ದು ತೊಂಬತ್ತರ ದಶಕದಲ್ಲಿ.

ಶಿಕ್ಷಕರ ತರಬೇತಿ ಎಂದರೆ ಸಾಮಾನ್ಯವಾಗಿ ಹೇಗಿರುತ್ತದೆ ಎಂಬುದು ಟೀಚರ್‌ಗಳಿದ್ದ ಮನೆಯವರಿಗೆಲ್ಲ ಗೊತ್ತು. ಪೇಪರ್ ತಿದ್ದುವುದು ಮುಗಿದಿರುತ್ತದೆ, ಊರಿಗೆ ಹೋಗಲು ರೈಲಿನ ಟಿಕೆಟ್ ತೆಗೆದಿಟ್ಟಿರುತ್ತಾರೆ, ಅಷ್ಟರಲ್ಲಿ ತರಬೇತಿಯ ಆದೇಶ ಬರುತ್ತದೆ. ಮೇಲಿನವರು ಕೆಲವರಿಗೆ ಹೇಳಿಕೊಡುತ್ತಾರೆ, ಆ ಕೆಲವರು ಜಿಲ್ಲೆಗೆ, ಜಿಲ್ಲೆಯವರು ತಾಲೂಕಿಗೆ. ತಲೆಯ ಹೊಲಕ್ಕೆ ಬಿಟ್ಟ ನೀರು ಕೊನೆಯ ಮಡಿ ಮುಟ್ಟುವಷ್ಟರಲ್ಲಿ ಇಂಗಿಹೋದ ಹಾಗೆ, ತರಗತಿಗೆ ತಲುಪುವುದು ಒಂದಿಷ್ಟು ಸೂಚನೆಗಳು ಮಾತ್ರ. ಮಕ್ಕಳ ಮಟ್ಟಕ್ಕಿಳಿದು ಕಲಿಸಿ, ಚಟುವಟಿಕೆ ಮಾಡಿಸಿ ಎಂಬ ಉಪದೇಶಕ್ಕೆ ಕೊರತೆಯಿಲ್ಲ. ನಾಳೆ ಕಲಿಸಬೇಕಾದ ಪಾಠದ ಗಣಿತವನ್ನೇ ಎದುರಿಗಿಟ್ಟುಕೊಂಡು ಕೂರುವ ತರಬೇತಿ ಅಪರೂಪ.

ಹೋಮಿ ಭಾಭಾ ಕೇಂದ್ರದ ಗಣಿತ ಶಿಕ್ಷಣ ತಂಡ ಮಾಡಿದ್ದು ಅಂಥ ತರಬೇತಿಯನ್ನೇ. ಕೆ. ಸುಬ್ರಮಣ್ಯಂ, ರುಚಿ ಕುಮಾರ್, ಶ್ವೇತಾ ನಾಯಕ್ ಅವರು ಮಾಧ್ಯಮಿಕ ಹಂತದ ಶಿಕ್ಷಕರ ಜೊತೆ ಪೂರ್ಣಾಂಕಗಳೆಂಬ ಒಂದೇ ವಿಷಯ ಹಿಡಿದು ಕಾರ್ಯಾಗಾರಗಳನ್ನು ನಡೆಸಿದರು. ಅದರ ಅಧ್ಯಯನ 2017ರಲ್ಲಿ ಅಂತರರಾಷ್ಟ್ರೀಯ ನಿಯತಕಾಲಿಕದಲ್ಲಿ ಪ್ರಕಟವಾಗಿದೆ.

3 − (−5) ಎಷ್ಟು? 'ಮೈನಸ್ ಮೈನಸ್ ಪ್ಲಸ್' ಎಂದು ಬಾಯಿಪಾಠ ಮಾಡಿಸಿದರೆ ಮಗು 8 ಎಂದು ಬರೆಯುತ್ತದೆ, ಅಂಕವೂ ಬರುತ್ತದೆ. ಯಾಕೆ ಎಂದು ಅದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಈ ತಂಡ ಋಣಸಂಖ್ಯೆಗೆ ಮೂರು ಬಗೆಯ ಅರ್ಥಗಳನ್ನು ಮುಂದಿಟ್ಟಿತು: ಸ್ಥಿತಿ, ಬದಲಾವಣೆ, ಸಂಬಂಧ. ಚೆಂಬೂರಿನ ಹೊಸ ಟವರ್‌ಗಳ ಲಿಫ್ಟನ್ನೇ ನೋಡಿ. ನೆಲಮಹಡಿ ಸೊನ್ನೆಯಾದರೆ, ಎರಡನೇ ಬೇಸ್‌ಮೆಂಟ್ −2, ಇದು ಸ್ಥಿತಿ. ಲಿಫ್ಟ್ ಎಲ್ಲಿಂದಲಾದರೂ ಎರಡು ಮಹಡಿ ಇಳಿದರೆ ಅದೂ −2, ಇದು ಬದಲಾವಣೆ. ನಮ್ಮ ಮನೆ ನಿಮ್ಮ ಮನೆಗಿಂತ ಎರಡು ಮಹಡಿ ಕೆಳಗೆ ಎಂದರೆ ಸಂಬಂಧ. ಈಗ 3 − (−5) ಎಂಬುದು ಒಂದು ನೇರ ಪ್ರಶ್ನೆಯಾಗುತ್ತದೆ: ಐದನೇ ಬೇಸ್‌ಮೆಂಟಿಗಿಂತ ಮೂರನೇ ಮಹಡಿ ಎಷ್ಟು ಮೇಲಿದೆ? ಎಂಟು ಮಹಡಿ. ಮಗು ಎಣಿಸಿಯೇ ಹೇಳಬಲ್ಲದು.

ಆದರೆ ಇದೇ ಲಿಫ್ಟ್ (−3) × (−5) ಬಂದಾಗ ಕೈಕೊಡುತ್ತದೆ. ಎರಡು ಮಹಡಿಗಳನ್ನು ಗುಣಿಸುವುದಕ್ಕೆ ಅರ್ಥವಿಲ್ಲ. ಯಾವ ಉದಾಹರಣೆ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ಮುರಿಯುತ್ತದೆ ಎಂಬ ತಿಳಿವಳಿಕೆ ಗಣಿತದ ಪದವಿಯಲ್ಲಿ ಸಿಗುವುದಿಲ್ಲ, ಬಿ.ಎಡ್.ನಲ್ಲೂ ಸುಲಭವಾಗಿ ಸಿಗುವುದಿಲ್ಲ. ಅಮೆರಿಕದ ಶಿಕ್ಷಣ ತಜ್ಞ ಲೀ ಶುಲ್ಮನ್ 1986ರಲ್ಲಿ ಇದನ್ನು ಶಿಕ್ಷಕರದೇ ಆದ ವಿಶಿಷ್ಟ ಜ್ಞಾನವೆಂದು ಗುರುತಿಸಿದರು. ಸಹೋದ್ಯೋಗಿಗಳಿಗೆ ದಾರಿ ತೋರಿಸುವ ಹಿರಿಯ ಟೀಚರ್ ಹತ್ತಿರ ಮೊದಲು ಇರಬೇಕಾದದ್ದು ಇದೇ.

ಇದೇ ಕೇಂದ್ರದಲ್ಲಿದ್ದಾಗ ಅರಿಂದಮ್ ಬೋಸ್ ಅವರು ನಡೆಸಿದ ಅಧ್ಯಯನವೂ ಮುಂಬಯಿಯವರಿಗೆ ಮುಖ್ಯವಾದದ್ದು. ಬಡ ಬಸ್ತಿಗಳಲ್ಲಿ ಮನೆಯ ದುಡಿಮೆಗೆ ಕೈಜೋಡಿಸುವ ಮಕ್ಕಳು ಶಾಲೆಯ ಹೊರಗೆ ಎಂಥ ಲೆಕ್ಕ, ಎಂಥ ಅಳತೆ ಕಲಿತಿರುತ್ತಾರೆ ಎಂದು ಅವರು ಹುಡುಕಿದರು. ಹಣದ ಲೆಕ್ಕವನ್ನು ಬಾಯಲ್ಲೇ ಮಾಡಿ ಮುಗಿಸುವ ಹುಡುಗ ತರಗತಿಯಲ್ಲಿ 'ದಡ್ಡ' ಎನಿಸಿಕೊಳ್ಳುತ್ತಾನಾದರೆ, ಅವನಿಗೆ ಗೊತ್ತಿರುವುದನ್ನು ನೋಡುವ ಕಣ್ಣು ನಮ್ಮ ಪಾಠಕ್ಕಿಲ್ಲ ಎಂದೇ ಅರ್ಥ.

ಅಂಥ ಕಣ್ಣು ಬೆಳೆಸಿಕೊಳ್ಳುವ ಒಂದು ದಾರಿ ಜಪಾನಿನಲ್ಲಿದೆ. ಅಲ್ಲಿನ ಶಾಲೆಗಳಲ್ಲಿ ಟೀಚರ್‌ಗಳು ಒಂದು ಪಾಠವನ್ನು ಒಟ್ಟಾಗಿ ಸಿದ್ಧಪಡಿಸುತ್ತಾರೆ. ಒಬ್ಬರು ಕಲಿಸುತ್ತಾರೆ, ಉಳಿದವರು ಹಿಂದೆ ನಿಂತು ಮಕ್ಕಳು ಹೇಗೆ ಯೋಚಿಸುತ್ತಾರೆ ಎಂದು ಗಮನಿಸುತ್ತಾರೆ, ಆಮೇಲೆ ಕೂತು ಚರ್ಚಿಸುತ್ತಾರೆ. ಇದಕ್ಕೆ ದುಡ್ಡು ಬೇಡ, ಸಮಯ ಬೇಕು. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಕಲಿಕೆಗೆ ಕೊಡಬೇಕೆನ್ನುತ್ತದೆ. ಆ 50 ಗಂಟೆಗಳು ಹಾಜರಿ ಪುಸ್ತಕದ ಸಹಿಯಲ್ಲೇ ಮುಗಿದುಹೋಗಬಾರದು.

ಚೆಂಬೂರು ಕರ್ನಾಟಕ ಸಂಘದಂಥ ನಮ್ಮ ಸಂಸ್ಥೆಗಳು ಪರವೂರಿನಲ್ಲಿ ಶಾಲೆ ಕಟ್ಟಿ ತಲೆಮಾರುಗಳಿಗೆ ಅಕ್ಷರ ಕಲಿಸಿವೆ. ಮುಂಬಯಿಯಲ್ಲಿ ಶಾಲೆ ನಡೆಸುತ್ತಿರುವ ಕನ್ನಡಿಗರೆಲ್ಲರಲ್ಲಿ ಒಂದು ಕೋರಿಕೆ. ಇಂಥ ಕೇಂದ್ರ ಮಗ್ಗುಲಲ್ಲೇ ಇದೆ. ಜೂನ್‌ನಲ್ಲಿ ಶಾಲೆ ತೆರೆಯುವ ಮುನ್ನ ಪ್ರತಿ ಶಾಲೆಯಿಂದ ಇಬ್ಬರು ಗಣಿತ ಟೀಚರ್‌ಗಳಿಗೆ ಇಲ್ಲಿಯವರ ಜೊತೆ ಕೂತು ಕಲಿಯುವ ಅವಕಾಶ ಕೇಳಿ, ಮಾಡಿಕೊಡಿ. ಅವರು ಊರಿಗೆ ಹೋಗುವ ದಿನಗಳನ್ನು ಕಸಿಯಬೇಡಿ, ಕಲಿತ ದಿನಗಳಿಗೆ ಬದಲಿ ರಜೆ ಕೊಡಿ. ವರ್ಷವಿಡೀ ವಾರಕ್ಕೊಂದು ಪಿರಿಯಡ್ ಬಿಡುವು ಮಾಡಿಕೊಟ್ಟು, ಕಲಿತದ್ದನ್ನು ಉಳಿದ ಟೀಚರ್‌ಗಳ ಜೊತೆ ಹಂಚಿಕೊಳ್ಳಲು ಬಿಡಿ.