ಕಡಲ ನೀರು ಮತ್ತು ಚೆನ್ನೈನ ಬಾಯಾರಿಕೆ

ಚೆನ್ನೈನಲ್ಲಿರುವ ಕನ್ನಡಿಗರಿಗೆ 2019ರ ಬೇಸಿಗೆಯನ್ನು ನೆನಪಿಸಬೇಕಾಗಿಲ್ಲ. ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ಈ ನಾಲ್ಕೂ ಜಲಾಶಯಗಳು ಹೆಚ್ಚುಕಡಿಮೆ ಬತ್ತಿ ಹೋಗಿದ್ದವು. ಜುಲೈನಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ತರಬೇಕಾಯಿತು. ಒಂದು ರೈಲಿಗೆ ಸುಮಾರು 25 ಲಕ್ಷ ಲೀಟರ್. "ಪಕ್ಕದಲ್ಲೇ ಇಷ್ಟು ದೊಡ್ಡ ಸಮುದ್ರ ಇರುವಾಗ ನೀರಿಗೇಕೆ ಬರ?" ಅಂತ ಆಗ ಎಲ್ಲರೂ ಕೇಳಿದ್ದೇ.

ಆದರೆ ಆ ಹೊತ್ತಿಗಾಗಲೇ ಚೆನ್ನೈ ಸಮುದ್ರದ ನೀರು ಕುಡಿಯುತ್ತಿತ್ತು. 2010ರಲ್ಲಿ ಮೀಂಜೂರಿನಲ್ಲಿ, 2013ರಲ್ಲಿ ನೆಮ್ಮೇಲಿಯಲ್ಲಿ ದಿನಕ್ಕೆ ತಲಾ 10 ಕೋಟಿ ಲೀಟರ್ ಸಾಮರ್ಥ್ಯದ ಘಟಕಗಳು ಶುರುವಾದವು. ಅಂದರೆ ಒಂದೊಂದು ಘಟಕವೂ ದಿನಕ್ಕೆ ಅಂಥ 40 ರೈಲುಗಳಿಗೆ ಸಮ. 2024ರಲ್ಲಿ ನೆಮ್ಮೇಲಿಯಲ್ಲೇ 15 ಕೋಟಿ ಲೀಟರಿನ ಇನ್ನೊಂದು ಘಟಕ ಸೇರಿಕೊಂಡಿತು. ಪೇರೂರಿನಲ್ಲಿ 40 ಕೋಟಿ ಲೀಟರಿನ ಘಟಕಕ್ಕೆ 2023ರಲ್ಲಿ ಅಡಿಗಲ್ಲು ಬಿತ್ತು.

ಉಪ್ಪು ತೆಗೆಯುವುದು ಹೇಗೆ? ನಿಮ್ಮ ಅಡುಗೆಮನೆಯ ಆರ್‌ಒ ಯಂತ್ರವನ್ನೇ ನೆನಪಿಸಿಕೊಳ್ಳಿ. ತತ್ವ ಅದೇ. ಮೊದಲು ನೀರಿನಲ್ಲಿರುವ ಕಸ, ಕೆಸರು, ಪಾಚಿಯನ್ನು ಸೋಸುತ್ತಾರೆ. ಆಮೇಲೆ ಅದನ್ನು ತೆಳುವಾದ ಪೊರೆಗೆ ಒತ್ತುತ್ತಾರೆ. ನೀರು ದಾಟುತ್ತದೆ, ಉಪ್ಪು ಹಿಂದೆ ಉಳಿಯುತ್ತದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುವುದರಿಂದ ಇಲ್ಲಿ ಬೇಕಾಗುವ ಒತ್ತಡ ಮಾತ್ರ ಬಹಳ ಹೆಚ್ಚು. ಕಾರಿನ ಚಕ್ರದಲ್ಲಿರುವ ಗಾಳಿಯ ಒತ್ತಡದ ಸುಮಾರು ಮೂವತ್ತು ಪಟ್ಟು ಅನ್ನಿ. ಹೀಗೆ ಸಿಕ್ಕ ನೀರು ತೀರಾ ಸಪ್ಪೆ. ಅದಕ್ಕೆ ಖನಿಜಾಂಶ ಸೇರಿಸಿ, ಕ್ಲೋರಿನ್ ಹಾಕಿ ಕೊಳವೆಗೆ ಬಿಡುತ್ತಾರೆ.

ಈ ಒತ್ತಡಕ್ಕೆ ಬೆಲೆ ಇದೆ. ಸಾವಿರ ಲೀಟರಿಗೆ 3ರಿಂದ 4 ಯೂನಿಟ್ ಕರೆಂಟು ಬೇಕು. 10 ಕೋಟಿ ಲೀಟರಿಗೆ ಲೆಕ್ಕ ಹಾಕಿ: ದಿನಕ್ಕೆ 3ರಿಂದ 4 ಲಕ್ಷ ಯೂನಿಟ್! ಆ ಕರೆಂಟು ಕಲ್ಲಿದ್ದಲಿನಿಂದ ಬಂದರೆ ಹೊಗೆಯೂ ಜೊತೆಗೇ ಬರುತ್ತದೆ. ಇನ್ನೊಂದು ಬೆಲೆ ಕಡಲಿನದು. ನೂರು ಲೀಟರ್ ಎಳೆದರೆ ಸಿಹಿನೀರಾಗುವುದು 40–45 ಲೀಟರ್ ಅಷ್ಟೆ. ಉಳಿದದ್ದು ಹೆಚ್ಚುಕಡಿಮೆ ಎರಡು ಪಟ್ಟು ಉಪ್ಪಾಗಿ ಸಮುದ್ರಕ್ಕೇ ಮರಳುತ್ತದೆ. ನೆಮ್ಮೇಲಿ ಕಡೆಯ ಮೀನುಗಾರರು ಕಡಲ್ಕೊರೆತದ ಬಗ್ಗೆ, ಮೀನು ಕಡಿಮೆಯಾದ ಬಗ್ಗೆ ದೂರುತ್ತ ಬಂದಿದ್ದಾರೆ. ನಗರದ ದಾಹ ತೀರಿಸುವ ಹೊರೆ ಅವರ ದೋಣಿಯ ಮೇಲೆ ಬೀಳುವುದು ನ್ಯಾಯವೇ?

ಹಾಗಾದರೆ ಈ ಘಟಕಗಳು ಬೇಡವೇ? ಬೇಕು. ಮಳೆ ಕೈಕೊಟ್ಟ ವರ್ಷವೂ ಕಡಲು ಬತ್ತುವುದಿಲ್ಲ. ನಮ್ಮ ಕೊಡಗಿನ ಕಾವೇರಿಯೇ ವೀರಾಣಂ ಕೆರೆಯಿಂದ ಕೊಳವೆಯಲ್ಲಿ ಚೆನ್ನೈಗೆ ಬರುತ್ತದೆ. ಆ ಹೊಳೆಯಲ್ಲಿ ನೀರಿಲ್ಲದ ವರ್ಷ ಕಡಲ ನೀರೇ ಆಸರೆ.

ಆದರೆ ಒಂದು ಮಾತು ಮರೆಯಬಾರದು. ಮಳೆ ಅಂದರೇನು? ಹೆಚ್ಚಿನಂಶ ಸೂರ್ಯ ಪುಕ್ಕಟೆಯಾಗಿ ಉಪ್ಪು ತೆಗೆದುಕೊಟ್ಟ ಕಡಲ ನೀರೇ ಅಲ್ವಾ? ಚೆನ್ನೈಗೆ ವರ್ಷಕ್ಕೆ ಸರಾಸರಿ ಸುಮಾರು 1,400 ಮಿಲಿಮೀಟರ್ ಮಳೆ. ನೂರು ಚದರ ಮೀಟರಿನ ತಾರಸಿಯ ಮೇಲೆ ಸುಮಾರು 1.4 ಲಕ್ಷ ಲೀಟರ್! ಅದನ್ನು ಹಿಡಿದಿಡುತ್ತಿದ್ದ ಪಳ್ಳಿಕರಣೈ ಜೌಗಿನ ಬಹುಭಾಗದ ಮೇಲೆ ಕಟ್ಟಡಗಳೆದ್ದಿವೆ. ಪುಕ್ಕಟೆ ಬಂದದ್ದನ್ನು ಚರಂಡಿಗೆ ಬಿಟ್ಟು, ಅದೇ ನೀರನ್ನು ಸಮುದ್ರದಿಂದ ದುಡ್ಡು ಕೊಟ್ಟು ಎತ್ತುತ್ತಿದ್ದೇವೆ.

ತಮಿಳುನಾಡಿನಲ್ಲಿ ಎಲ್ಲ ಕಟ್ಟಡಗಳಿಗೂ ಮಳೆನೀರು ಕೊಯ್ಲು ಕಡ್ಡಾಯವಾಗಿ 2003ಕ್ಕೇ ಕಾನೂನು ಬಂದಿದೆ. ಈಶಾನ್ಯ ಮುಂಗಾರು ಹಿಡಿಯುವುದು ಅಕ್ಟೋಬರಿನಲ್ಲಿ. ಅದಕ್ಕೆ ಮೊದಲು ನಿಮ್ಮ ಕಟ್ಟಡದ ಇಂಗುಗುಂಡಿಯ ಮುಚ್ಚಳ ತೆಗೆಸಿ ನೋಡಿ. ಹೂಳು ತುಂಬಿದ್ದರೆ ಎತ್ತಿಸಿ.